ಅವಸರವಿಲ್ಲದ ಮೇಜು

ಕೆಲಸ ತಪ್ಪಿಸಿಕೊಳ್ಳಲು ಪ್ರತಿ ಮನೆಯ ಗಂಡಸೂ ಒಂದೊಂದು ಮಾತು ಸಾಕಿಕೊಂಡಿರುತ್ತಾನೆ. ಒಬ್ಬನಿಗೆ ಸೊಂಟನೋವು, ಇನ್ನೊಬ್ಬನಿಗೆ ಆಫೀಸಿನ ತಲೆಬಿಸಿ. ನಮ್ಮ ಸಾಹಿತಿಗಳು ಸಾಕಿಕೊಂಡಿದ್ದ ಮಾತು ಇವೆಲ್ಲಕ್ಕಿಂತ ಒಂದು ಕೈ ಮೇಲೆ. "ಮನೇಲಿ ಒಂದು ಒಳ್ಳೆ ಮೇಜು ಅಂತ ಇದ್ದಿದ್ರೆ" ಎಂದು ಶುರು ಮಾಡಿ, ಮುಂದಿನದನ್ನು ನುಂಗಿಕೊಂಡು, ಕಿಟಕಿಯ ಕಡೆ ನೋಡಿ ಉಸಿರು ಬಿಡುತ್ತಿದ್ದರು. ಆ ಉಸಿರು ಕೇಳಿದ ಕೂಡಲೇ ಹೆಂಡತಿ ಗ್ಯಾಸ್ ಸಿಲಿಂಡರನ್ನು ತಾನೇ ಉರುಳಿಸಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಸಾಹಿತಿಗಳ ತಾಯಿ ಪಕ್ಕದ ಮನೆಯ ಮಕ್ಕಳಿಗೆ ಸದ್ದು ಮಾಡಬೇಡಿ ಎಂದು ಗದರಲು ಬಾಗಿಲಿಗೆ ಬರುತ್ತಿದ್ದರು.

ಸಾಹಿತಿಗಳು ಎಂಬ ಹೆಸರಿಟ್ಟವನು ಹೆಂಡತಿಯ ತಮ್ಮ. ಗೇಲಿಗೆಂದು ಇಟ್ಟದ್ದು ಕರೆದು ಕರೆದು ಅವನಿಗೇ ಅಭ್ಯಾಸವಾಗಿ, ಕೊನೆಗೆ ಅದೇ ಗೌರವವಾಗಿಬಿಟ್ಟಿತ್ತು. ಹೊಟ್ಟೆಪಾಡಿಗೆ ಅವರು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಬಂದರೂ ಕೆಸರು ಬರುತ್ತಿದೆ, ಪೈಪು ಒಡೆದು ರಸ್ತೆ ಕೆರೆಯಾಗಿದೆ ಎಂದೆಲ್ಲ ಜನ ಬರೆದ ಪತ್ರಗಳಿಗೆ ಉತ್ತರ ಬರೆಯುವುದು ಅವರ ಪಾಲಿನ ಕೆಲಸ. ಪತ್ರ ಯಾವುದೇ ಇರಲಿ, ಉತ್ತರ ಒಂದೇ ಸಾಲಿನದು: 'ನಿಮ್ಮ ದೂರು ಪರಿಶೀಲನೆಯಲ್ಲಿದೆ.' ಈ ಸಾಲನ್ನು ಅವರು ನಿದ್ದೆಗಣ್ಣಿನಲ್ಲೂ ತಪ್ಪಿಲ್ಲದೆ ಬರೆಯಬಲ್ಲರು. ಇನ್ನು ಸಾಹಿತ್ಯ ಅಂದರೆ, ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಒಂದು ಕವಿತೆ ಅಚ್ಚಾಗಿತ್ತು. ಆಮೇಲೆ ಒಂದು ಕಾದಂಬರಿ ಮನಸ್ಸಿನಲ್ಲಿತ್ತು.

ಆ ಕಾದಂಬರಿಯ ಮೊದಲ ದೃಶ್ಯ ಮನೆಮಂದಿಗೆಲ್ಲ ಬಾಯಿಪಾಠ. ರೈಲ್ವೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಬ್ಬ ಮನುಷ್ಯ ಕೂತಿದ್ದಾನೆ. ಅವನ ಪಕ್ಕದಲ್ಲಿ ಒಂದು ಚೀಲ ಇದೆ. ಇಷ್ಟೇ. ಮದುವೆಯಾದ ಹೊಸದರಲ್ಲಿ ಹೆಂಡತಿ ಈ ದೃಶ್ಯವನ್ನು ಕೇಳಿ ಮೈಮರೆತಿದ್ದಳು. ಆ ಮನುಷ್ಯ ಎಲ್ಲಿಗೆ ಹೊರಟಿದ್ದಾನೆ, ಚೀಲದಲ್ಲಿ ಏನಿದೆ ಎಂದು ಕೇಳಿದಾಗ, ಅದೆಲ್ಲ ಬರೆಯುವಾಗ ಬರುತ್ತೆ, ಬರೆಯೋಕೆ ಜಾಗ ಬೇಕಲ್ಲ ಅಂದಿದ್ದರು. ಅಂದಿನಿಂದ ಆ ಪುಣ್ಯಾತ್ಮ ಬೆಂಚು ಬಿಟ್ಟು ಕದಲಿಲ್ಲ. ನಡುನಡುವೆ ಹೆಂಡತಿ, ರೈಲು ಬಂತೇನ್ರೀ ಎಂದು ವಿಚಾರಿಸುತ್ತಿದ್ದಳು. ವರ್ಷಗಳು ಕಳೆದಂತೆ ಅದನ್ನೂ ಬಿಟ್ಟಳು.

ಹೀಗೆ ಸುಖವಾಗಿ ನಡೆದಿದ್ದ ಸಂಸಾರಕ್ಕೆ ಒಂದು ಭಾನುವಾರ ಭಾವಮೈದುನ ಬಂದು ಕಲ್ಲು ಹಾಕಿದ. ಅವನಿಗೆ ಬಡ್ತಿ ಸಿಕ್ಕಿತ್ತು. ಖುಷಿಯಲ್ಲಿ ಅಕ್ಕನಿಗೆ, ಅಕ್ಕನ ಅತ್ತೆಗೆ ಏನೇನೋ ತಂದಿದ್ದ. ಎಲ್ಲ ಹಂಚಿದ ಮೇಲೆ ಭಾವನ ಮುಂದೆ ಬಂದು ನಿಂತ.

"ಭಾವ, ನಿಮಗೆ ಒಂದು ಮೇಜು ಮಾಡಿಸಿಕೊಡ್ತೀನಿ. ಇನ್ನು ನೀವು ಕಾದಿದ್ದು ಸಾಕು."

ಸಾಹಿತಿಗಳ ಎದೆ ಧಸಕ್ಕೆಂದಿತು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನೋಡಿ ಅವರೂ ಕಣ್ಣೊರೆಸಿಕೊಳ್ಳಬೇಕಾಯಿತು. ಮೇಜು ಬಂದರೆ ಬರೆಯಬೇಕು. ಬರೆಯಲು ಕೂತರೆ ಬೆಂಚಿನ ಮೇಲಿನ ಮನುಷ್ಯನ ವಿಷಯದಲ್ಲಿ ತನಗೆ ಏನೇನೂ ಗೊತ್ತಿಲ್ಲವೆಂಬುದು ಬಯಲಾಗಬೇಕು. ಅದು ಬಯಲಾದರೆ ಸಾಹಿತಿಗಳು ಹೋಗಿ ಬರೀ ಗುಮಾಸ್ತರು ಉಳಿಯುತ್ತಾರೆ. ಗುಮಾಸ್ತರಿಗೆ ಸಿಲಿಂಡರ್ ಎತ್ತಲು ಏನು ದಾಡಿ? ಇಷ್ಟನ್ನೂ ಅವರು ಒಂದೇ ಗುಟುಕಿನಲ್ಲಿ ಯೋಚಿಸಿ, ಟೀ ಲೋಟ ಕೆಳಗಿಟ್ಟು, ನೋವು ತುಂಬಿದ ದನಿಯಲ್ಲಿ, ನಿನ್ನ ಮನಸ್ಸು ದೊಡ್ಡದು ಕಣೋ, ಆದರೆ ಈ ಮನೇಲಿ ಮೇಜು ಇಡೋಕೆ ಜಾಗ ಎಲ್ಲಿದೆ ಅಂದರು.

ಮಾತು ಸುಳ್ಳಲ್ಲ. ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ತಾಯಿಯ ಮಂಚ ಹೋಗಿ ಉಳಿದಿದ್ದರಲ್ಲಿ ಚಪ್ಪಲಿ ಬಿಟ್ಟರೆ ಮುಗಿಯಿತು. ಒಳಗಿನ ಕೋಣೆಯಲ್ಲಿ ಇವರ ಮಂಚ, ಒಂದು ಕಬ್ಬಿಣದ ಬೀರು. ಬೀರುವಿಗೂ ಕಿಟಕಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಿಲ್ಲುವಷ್ಟು ಸಂದಿ. ಅದರಲ್ಲಿ ಸೂಟ್‌ಕೇಸು, ಹಳೆಯ ಫ್ಯಾನು, ಚಳಿಗಾಲದ ಹೊದಿಕೆಗಳ ಗಂಟು ಪೇರಿಸಿಟ್ಟಿದ್ದವು. ಸಾಹಿತಿಗಳು ಜಾಗದ ಮಾತೆತ್ತಿದ್ದೇ ತಡ, ಹೆಂಡತಿ ಎದ್ದು ಒಳಗೆ ಹೋದಳು. ಟೀ ಆರುವಷ್ಟರಲ್ಲಿ ಸಂದಿ ಖಾಲಿಯಾಗಿತ್ತು. ಇಷ್ಟು ವರ್ಷ ಕಾಣದಿದ್ದ ಗೋಡೆ ಕಾಣುತ್ತಿತ್ತು.

ಅಷ್ಟು ಚಿಕ್ಕ ಜಾಗಕ್ಕೆ ಅಂಗಡಿಯಲ್ಲಿ ಸಿಗುವ ಯಾವ ಮೇಜೂ ಕೂರುವುದಿಲ್ಲ ಎಂದು ಸಾಹಿತಿಗಳು ಕೊನೆಯ ಅಸ್ತ್ರ ಬಿಟ್ಟರು. ಬೀರುವಿನ ಬಾಗಿಲು ಆ ಕಡೆಗೇ ತೆರೆದುಕೊಳ್ಳುತ್ತೆ, ಕಿಟಕಿಯ ರೆಕ್ಕೆ ಒಳಕ್ಕೆ ಬರುತ್ತೆ, ಹಿಂದೆ ಮಂಚ. ಭಾವಮೈದುನ ಮೂರನ್ನೂ ತೆರೆದು ಮುಚ್ಚಿ ನೋಡಿ, ಹಾಗಾದರೆ ಅಳತೆ ಕೊಟ್ಟು ಮಾಡಿಸೋಣ, ಒಳ್ಳೆಯ ಬಡಗಿ ನನಗೆ ಗೊತ್ತು ಅಂದ. ಆಗ ಸಾಹಿತಿಗಳ ತಲೆಯಲ್ಲಿ ಒಂದು ದೀಪ ಹತ್ತಿತು. ಬೇಡ, ಬಡಗಿಯನ್ನು ನಾನೇ ಆರಿಸುತ್ತೇನೆ, ಬರೆಯುವವನ ಕಷ್ಟ ಬರೆಯುವವನಿಗೇ ಗೊತ್ತು ಅಂದರು.

ಆರಿಸಿದ್ದು ನಾಳೆ ಮೇಸ್ತ್ರಿಯನ್ನು.

ನಾಳೆ ಮೇಸ್ತ್ರಿ ಆ ಬೀದಿಯ ಕೊನೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಬಡಗಿ. ಕೈಯಲ್ಲಿ ಕಲೆ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಮುಗಿಸಿದ ಕೆಲಸವನ್ನು ಕಂಡವರಿಲ್ಲ. ಔಷಧಿ ಅಂಗಡಿಯ ಕೌಂಟರಿಗೆ ಅವನು ಮಾಡಿದ ಡ್ರಾಯರುಗಳಲ್ಲಿ ಒಂದು ಇನ್ನೂ ಬರಬೇಕಾಗಿತ್ತು. ಆ ತೂತಿಗೆ ಅಂಗಡಿಯವನು ಕ್ಯಾಲೆಂಡರ್ ಅಂಟಿಸಿದ್ದ. ಕ್ಷೌರದಂಗಡಿಯ ಕನ್ನಡಿಗೆ ಮೂರು ಕಡೆ ಮಾತ್ರ ಚೌಕಟ್ಟು. ಮೂಲೆಮನೆಯ ಟೀಚರಮ್ಮನ ಅಡುಗೆಮನೆಗೆ ಬಾಗಿಲೇ ಇರಲಿಲ್ಲ. ಹಳೆಯದನ್ನು ಸರಿ ಮಾಡಿಕೊಡುತ್ತೇನೆಂದು ಬಿಚ್ಚಿ ಒಯ್ದವನು ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಟೀಚರಮ್ಮ ಒಂದು ಬೆಡ್‌ಶೀಟ್ ಇಳಿಬಿಟ್ಟುಕೊಂಡು, ದಾರಿಯಲ್ಲಿ ಸಿಕ್ಕಾಗಲೆಲ್ಲ ಬಾಗಿಲು ಯಾವಾಗ ಎಂದು ಕೇಳುತ್ತಿದ್ದರು. ಅವನು ನಾಳೆ ಅನ್ನುತ್ತಿದ್ದ.

ಭಾವಮೈದುನ ಹೌಹಾರಿದ. ಸಾಹಿತಿಗಳು ಜಗ್ಗಲಿಲ್ಲ. ಕೆಲಸ ಗೊತ್ತಿರುವವನ ಹತ್ತಿರ ಕಾಯಬೇಕಾಗುತ್ತಪ್ಪ, ನಾನು ಕಾಯುತ್ತೇನೆ ಎಂದು ಹೇಳಿ ಹಿಗ್ಗುತ್ತ ಶೆಡ್ಡಿಗೆ ನಡೆದರು. ಮೇಸ್ತ್ರಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಯಾರದೋ ಅರ್ಧ ಸ್ಟೂಲಿನ ಮೇಲೆ ಕೂತು ಹೊರಗೆ ನೋಡುತ್ತಿದ್ದ. ಗಿರಾಕಿಯನ್ನು ಕಂಡು ಅಭ್ಯಾಸಬಲದಿಂದ ಮುಖ ತಿರುಗಿಸಿದ. ಸಾಹಿತಿಗಳು ವಿಷಯ ಹೇಳಿ, ತಾವು ಹೇಳಲೆಂದೇ ಬಂದಿದ್ದ ಮಾತನ್ನು ಒತ್ತಿ ಹೇಳಿದರು.

"ನೋಡಿ ಮೇಸ್ತ್ರಿ, ಅವಸರ ಏನೂ ಇಲ್ಲ. ನಿಧಾನವಾಗಿ ಮಾಡಿ. ಈ ವರ್ಷ ಆಗದಿದ್ರೆ ಮುಂದಿನ ವರ್ಷ ಆಗಲಿ. ನಾನು ಒಂದು ಮಾತೂ ಕೇಳಲ್ಲ."

ಮೇಸ್ತ್ರಿ ಸ್ಟೂಲಿನಿಂದ ಎದ್ದು ನಿಂತ. ಎರಡೂ ಕೈ ಜೋಡಿಸಿದ. ಸಾಹಿತಿಗಳು ಅದನ್ನು ಸೋಮಾರಿಯ ಆನಂದವೆಂದು ತಿಳಿದು, ಒಂದು ವರ್ಷವಾದರೂ ಕಾಲ ತಳ್ಳಿದೆ ಎಂಬ ಸಮಾಧಾನದಲ್ಲಿ ಮನೆಗೆ ಬಂದು ಗಡದ್ದಾಗಿ ನಿದ್ದೆ ಹೊಡೆದರು.

ಮರುದಿನ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷು ಇನ್ನೂ ಬಾಯಲ್ಲಿರುವಾಗಲೇ ಬಾಗಿಲು ತಟ್ಟಿದ ಸದ್ದಾಯಿತು. ನಾಳೆ ಮೇಸ್ತ್ರಿ ತಲೆ ಬಾಚಿಕೊಂಡು, ಅಳತೆ ಟೇಪು ಹಿಡಿದು ನಿಂತಿದ್ದ. ಸಾಹಿತಿಗಳು ಇಂಗು ತಿಂದ ಮಂಗನ ಹಾಗೆ ಅವನ ಮುಖ ನೋಡಿದರು.

ಮೇಸ್ತ್ರಿ ಸಂದಿಯ ಅಳತೆ ತೆಗೆದುಕೊಂಡು ಹೋಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಅವನು ಸಾಹಿತಿಗಳ ಅಳತೆಯನ್ನೇ ತೆಗೆಯತೊಡಗಿದ. ಸ್ಟೂಲಿನ ಮೇಲೆ ಕೂರಿಸಿ, ಗಾಳಿಯಲ್ಲಿ ಬರೆಯಿರಿ ಅಂದ. ಮೊಣಕಾಲು ಎಷ್ಟು ಎತ್ತರಕ್ಕೆ ಬರುತ್ತದೆ, ಮೊಣಕೈ ಎಲ್ಲಿಯವರೆಗೆ ಚಾಚುತ್ತದೆ ಎಂದು ನೋಡಿದ. ಬರೆಯುವಾಗ ಎಡಗೈ ಎಲ್ಲಿಟ್ಟುಕೊಳ್ಳುತ್ತೀರಿ ಎಂದು ಕೇಳಿದ. ಸಾಹಿತಿಗಳಿಗೆ ಅದು ಗೊತ್ತಿರಲಿಲ್ಲ. ಕಚೇರಿಯಲ್ಲಿ ಎಡಗೈಯಲ್ಲಿ ರಬ್ಬರ್ ಸ್ಟಾಂಪ್ ಇರುತ್ತಿತ್ತು. ತಾಯಿ, ಹೆಂಡತಿ ಇಬ್ಬರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದುದರಿಂದ ಸುಮ್ಮನಿರುವಂತಿರಲಿಲ್ಲ. ಎಡಗೈಯನ್ನು ಹಣೆಗೆ ಆನಿಸಿಕೊಂಡು ಯೋಚನೆ ಮಾಡುವವರ ಭಂಗಿ ಮಾಡಿದರು. ಮೇಸ್ತ್ರಿ ಆ ಮೊಣಕೈ ಊರುವ ಜಾಗಕ್ಕೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡ.

ಹೋಗುವ ಮೊದಲು ಮೇಸ್ತ್ರಿ ತಾನು ಯಾಕೆ ಬಂದೆ ಎಂಬುದನ್ನು ಹೇಳಿದ. ಇಷ್ಟು ವರ್ಷದಲ್ಲಿ ಅವನ ಹತ್ತಿರ ಬಂದವರೆಲ್ಲ ಮೊದಲು ಕೇಳಿದ್ದು ಯಾವಾಗ ಕೊಡ್ತೀಯ ಅಂತ. ಆ ಮಾತು ಕಿವಿಗೆ ಬಿದ್ದರೆ ಸಾಕು, ಅವನ ಕೈ ಮರಗಟ್ಟಿಹೋಗುತ್ತಿತ್ತು. ಮರದ ಮುಂದೆ ನಿಂತರೆ ಗಿರಾಕಿಯ ಮುಖವೇ ಕಾಣುತ್ತಿತ್ತು. ಏನು ಮಾಡಲೂ ತೋಚದೆ ನಾಳೆ ಅಂದುಬಿಡುತ್ತಿದ್ದ. "ನೀವೊಬ್ರೇ ಸಾರ್ ಅವಸರ ಇಲ್ಲ ಅಂದವ್ರು. ರಾತ್ರಿ ಎಲ್ಲ ನಿಮ್ಮ ಮೇಜೇ ಕಣ್ಣ ಮುಂದೆ" ಎಂದ. ಕೈಯಾರೆ ಗುಂಡಿ ತೋಡಿಕೊಂಡೆನಲ್ಲ ಎಂದು ಸಾಹಿತಿಗಳು ಒಳಗೊಳಗೇ ಮೈ ಪರಚಿಕೊಂಡರು.

ಮೇಜು ಬೆಳೆಯತೊಡಗಿತು. ಕೆಡವಿದ ಮನೆಯೊಂದರ ಹಳೆಯ ಬಾಗಿಲ ಹಲಗೆಗಳನ್ನು ಮೇಸ್ತ್ರಿ ಎಲ್ಲಿಂದಲೋ ಹುಡುಕಿ ತಂದ. ಸಾಹಿತಿಗಳು ಆಫೀಸಿಗೆ ಹೋಗುವಾಗ ಶೆಡ್ಡಿನೊಳಗಿಂದ ಗರಗಸದ ಸದ್ದು, ಬರುವಾಗ ಮರ ನುಣುಪು ಮಾಡುವ ರಂದ ಹೊಡೆಯುವ ಸದ್ದು. ಆ ಸದ್ದು ಮರ ಬಿಟ್ಟು ತಮ್ಮನ್ನೇ ಸವರುತ್ತಿರುವಂತೆ ಅವರಿಗೆ ಕೇಳುತ್ತಿತ್ತು. ತಡೆಯಬೇಕೆಂದು ನಡುವೆ ಬದಲಾವಣೆಗಳನ್ನು ಹೇಳಿ ನೋಡಿದರು. ಎತ್ತರ ಒಂದು ಬೆರಳು ಕಡಿಮೆಯಾಗಲಿ ಅಂದರು, ಡ್ರಾಯರು ಬಲಗಡೆ ಬೇಡ ಎಡಗಡೆ ಇರಲಿ ಅಂದರು. ಬೇರೆ ಬಡಗಿಯಾಗಿದ್ದರೆ ಉಳಿ ಬಿಸಾಡಿ ಎದ್ದು ಹೋಗುತ್ತಿದ್ದ. ಮೇಸ್ತ್ರಿ ಪ್ರತಿಯೊಂದಕ್ಕೂ ತಲೆದೂಗಿ, ವಸ್ತುವಿನ ಬಗ್ಗೆ ಇಷ್ಟು ಯೋಚಿಸುವ ಗಿರಾಕಿ ತನಗೆ ಸಿಕ್ಕೇ ಇರಲಿಲ್ಲ ಎಂದು ಇನ್ನೂ ಹುರುಪಿನಿಂದ ಕೂತ.

ಉಪಾಯ ಹೊಳೆದದ್ದು ಕಚೇರಿಯಲ್ಲಿ, ಸ್ಟಾಂಪ್ ಒತ್ತುವಾಗ. ಅವಸರವಿಲ್ಲ ಎಂದದ್ದರಿಂದ ತಾನೇ ಇವನ ಕೈ ಓಡುತ್ತಿರುವುದು? ಹಾಗಾದರೆ ಅವಸರ ಮಾಡಿದರಾಯಿತು. ಅಂದು ಸಂಜೆಯೇ ಸಾಹಿತಿಗಳು ಶೆಡ್ಡಿನ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಏನ್ರೀ ಮೇಸ್ತ್ರಿ ಯಾವಾಗ ಕೊಡ್ತೀರಿ ಅಂದರು. ಮೇಸ್ತ್ರಿಯ ರಂದ ಅರ್ಧ ಹಲಗೆಯಲ್ಲಿ ನಿಂತಿತು. ಅವನು ಕಣ್ಣು ಕಣ್ಣು ಬಿಟ್ಟ. ಸಾಹಿತಿಗಳಿಗೆ ಒಂದು ಗಳಿಗೆ ಪಾಪ ಅನಿಸಿತು, ಆದರೂ ಮರುದಿನ ಹೋಗುವಾಗ ಒಮ್ಮೆ ಕೇಳಿದರು, ಬರುವಾಗ ಒಮ್ಮೆ ಕೇಳಿದರು. ಅದರ ಮಾರನೆಯ ದಿನ ಶೆಡ್ಡಿನಲ್ಲಿ ಸದ್ದಿರಲಿಲ್ಲ. ಮೇಸ್ತ್ರಿ ಮುಖ ತಿರುಗಿಸಿಕೊಂಡು, ನಾಳೆ ಸಾರ್, ಅಂದ. ಸಾಹಿತಿಗಳ ಕಿವಿಗೆ ಅದು ಸಂಗೀತದಂತೆ ಕೇಳಿಸಿತು.

ಇದರಿಂದ ಇನ್ನೊಂದು ಲಾಭವೂ ಆಯಿತು. ಸಾಹಿತಿಗಳು ಹಗಲಿರುಳು ಮೇಜಿಗಾಗಿ ಮೇಸ್ತ್ರಿಯ ಬೆನ್ನು ಬಿದ್ದಿದ್ದಾರೆ ಎಂಬ ಸುದ್ದಿ ಬೀದಿಯಲ್ಲೆಲ್ಲ ಹಬ್ಬಿತು. ಮಗನೊಳಗೆ ಬರವಣಿಗೆ ಕುದಿಯುತ್ತಿದೆ, ತಡೆದುಕೊಳ್ಳೋಕೆ ಆಗುತ್ತಿಲ್ಲ ಎಂದು ತಾಯಿ ಎಲ್ಲರಿಗೂ ಹೇಳಿಕೊಂಡು ಬಂದರು. ಕುದಿಯುತ್ತಿರುವವರ ಕೈಯಲ್ಲಿ ನೀರಿನ ಕ್ಯಾನ್ ಹೊರಿಸುವುದು ಸರಿಯಲ್ಲವೆಂದು ಅದೊಂದು ಉಳಿದಿದ್ದ ಕೆಲಸವೂ ಹೆಂಡತಿಯ ಪಾಲಿಗೆ ಹೋಯಿತು. ಅವಳು ಕ್ಯಾನನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಹತ್ತುವಾಗ ಗಂಡನನ್ನು ಒಂದು ಥರ ನೋಡಿದಳು. ಸಾಹಿತಿಗಳು ಆಗ ಕಿಟಕಿಯ ಹೊರಗೆ ನೋಡುತ್ತಿದ್ದರು.

ಅವಳು ತರಕಾರಿ ತರಲು ಹೋದಾಗ ಶೆಡ್ಡಿನ ಮುಂದೆ ನಿಂತು ಮೇಸ್ತ್ರಿಯೊಂದಿಗೆ ಮಾತಾಡಿದ್ದು ಸಾಹಿತಿಗಳಿಗೆ ಗೊತ್ತಾದದ್ದು ತುಂಬಾ ತಡವಾಗಿ. ಮೇಸ್ತ್ರಿ ಅವಳ ಮುಂದೆ ತನ್ನ ಕಷ್ಟ ತೋಡಿಕೊಂಡಿದ್ದನಂತೆ. ಅವಳು ಎಲ್ಲ ಕೇಳಿ, ಅವರ ಮಾತು ಕಿವಿಗೆ ಹಾಕ್ಕೋಬೇಡಿ ಮೇಸ್ತ್ರಿ, ನನಗೆ ಅವಸರ ಇಲ್ಲ, ನೀವು ಬಾಗಿಲು ಮುಚ್ಚಿಕೊಂಡು ನಿಮ್ಮ ಪಾಡಿಗೆ ಮಾಡಿ ಅಂದಿದ್ದಳಂತೆ.

ಒಂದು ಸಂಜೆ ಸಾಹಿತಿಗಳು ಮನೆಗೆ ಬಂದರೆ ಮೂವರೂ ಸಾಲಾಗಿ ನಿಂತಿದ್ದರು: ತಾಯಿ, ಹೆಂಡತಿ, ಮೇಸ್ತ್ರಿ. ಒಳಗಿನ ಕೋಣೆಯಲ್ಲಿ ಮೇಜು ಕೂತಿತ್ತು.

ಅದು ಚೆನ್ನಾಗಿತ್ತು, ಅದೇ ದೊಡ್ಡ ಸಂಕಟ. ಕಾಲುಗಳಿಲ್ಲದೆ ಗೋಡೆಗೇ ಬಿಗಿದು ಕೂರಿಸಿದ್ದರಿಂದ ಕೆಳಗೆ ಸೂಟ್‌ಕೇಸಿಗೂ ಜಾಗ ಉಳಿದಿತ್ತು. ಬೀರುವಿನ ಕಡೆಯ ಮೂಲೆಯನ್ನು ಓರೆಯಾಗಿ ಕತ್ತರಿಸಿದ್ದರಿಂದ ಬೀರುವಿನ ಬಾಗಿಲು ಪೂರ್ತಿ ತೆರೆಯುತ್ತಿತ್ತು. ಕಿಟಕಿಯ ರೆಕ್ಕೆ ಮೇಜಿನ ಮೇಲೆ ಒಂದು ಬೆರಳಿನಷ್ಟು ಸಂದಿ ಬಿಟ್ಟು ಸುಳಿದು ಹೋಗುತ್ತಿತ್ತು. ಮುಂದಿನ ಹಲಗೆಗೆ ಮೇಸ್ತ್ರಿ ಕೀಲು ಹಾಕಿದ್ದ. ಬರೆಯುವಾಗ ಎತ್ತಿಕೊಳ್ಳಬಹುದು, ಮಲಗುವಾಗ ಇಳಿಸಬಹುದು. ಎಡಗಡೆಯ ಅಂಚಿನಲ್ಲಿ ಮೊಣಕೈ ಊರಲೆಂದು ಮರವನ್ನು ಒಂದಿಷ್ಟೇ ತಗ್ಗಾಗಿ ಕೆತ್ತಿ, ನುಣ್ಣಗೆ ಉಜ್ಜಿದ್ದ. ಸಾಹಿತಿಗಳು ಕೂತು ನೋಡಿದರು. ಮೊಣಕಾಲು ಎಲ್ಲೂ ತಾಗಲಿಲ್ಲ. ಎಡ ಮೊಣಕೈ ತಾನಾಗಿಯೇ ಹೋಗಿ ಆ ತಗ್ಗಿನಲ್ಲಿ ಕೂತಿತು. ದೂರಲು ಏನೂ ಸಿಗಲಿಲ್ಲ.

ಮೇಸ್ತ್ರಿ ತನ್ನ ಸಾಮಾನು ಚೀಲಕ್ಕೆ ಹಾಕಿಕೊಂಡ. ಬಾಗಿಲ ಹತ್ತಿರ ಹೋದವನು ತಿರುಗಿ ನಿಂತ.

"ಅವಸರ ಏನಿಲ್ಲ ಸಾರ್. ನಿಧಾನವಾಗಿ ಬರೀರಿ. ನಾನು ಒಂದು ಮಾತೂ ಕೇಳಲ್ಲ."

ಭಾನುವಾರ ಸಾಹಿತಿಗಳು ಬರೆಯಲು ಕೂತರು. ಬೇರೆ ದಾರಿ ಇರಲಿಲ್ಲ. ತಾಯಿ ಫ್ಯಾನು ಸದ್ದು ಮಾಡುತ್ತದೆಂದು ಆರಿಸಿ, ಬೆವರೊರೆಸಿಕೊಳ್ಳುತ್ತ ಮುಂದಿನ ಕೋಣೆಯಲ್ಲಿ ಕಾವಲು ಕೂತರು. ಪಕ್ಕದ ಮನೆಯವರು ಟಿವಿಯ ಸದ್ದು ಇಳಿಸಿದರು. ಸಾಹಿತಿಗಳು ಹೊಸ ಕಾಗದದ ಮೇಲೆ, ರೈಲ್ವೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಬ್ಬ ಮನುಷ್ಯ ಕೂತಿದ್ದ ಎಂದು ಬರೆದರು. ಅವನ ಪಕ್ಕದಲ್ಲಿ ಒಂದು ಚೀಲ ಇತ್ತು ಎಂದು ಬರೆದರು. ಮೊಣಕೈ ತಗ್ಗಿನಲ್ಲಿ ಊರಿ, ಹಣೆಗೆ ಕೈಯಿಟ್ಟು ಕಾದರು. ಆ ಮನುಷ್ಯನೂ ಕಾದ. ಬಹಳ ಹೊತ್ತಿನ ಮೇಲೆ ಪೆನ್ನು ತಾನಾಗಿ ಓಡಿತು. ಬಗ್ಗಿ ನೋಡಿದರೆ, 'ನಿಮ್ಮ ದೂರು ಪರಿಶೀಲನೆಯಲ್ಲಿದೆ' ಎಂದು ದುಂಡು ಅಕ್ಷರದಲ್ಲಿ ಬಿದ್ದಿತ್ತು.

ಹಾಳೆ ಹರಿದು ಹಾಕಿದರೆ ಮುಂದಿನ ಕೋಣೆಗೆ ಕೇಳುತ್ತದೆಂದು ಮಡಿಸಿ ಜೇಬಿಗಿಟ್ಟುಕೊಂಡರು. ಕುರ್ಚಿ ಸರಿಯಿಲ್ಲ ಅಂದರು. ಭಾವಮೈದುನ ಮರುದಿನವೇ ಒರಗುವ ಕುರ್ಚಿ ತಂದಿಟ್ಟ. ಬೆಳಕು ಸಾಲದು ಅಂದರು, ದೀಪ ಬಂತು. ಪೆನ್ನು ಕೊರೆಯುವ ಸದ್ದಾದರೂ ಹೊರಗೆ ಕೇಳಲಿ ಎಂದು ಖಾಲಿ ಹಾಳೆಯ ಮೇಲೆ ಗೆರೆ ಎಳೆಯುತ್ತ ಕೂತರು. ಆ ಸದ್ದಿಗೆ ತಾಯಿ ಮುಂದಿನ ಕೋಣೆಯಲ್ಲಿ ಹೆಮ್ಮೆಯಿಂದ ಗಂಟಲು ಸರಿಪಡಿಸಿಕೊಳ್ಳುತ್ತಿದ್ದರು. ಬೀದಿಯಲ್ಲಿ ಮೇಸ್ತ್ರಿ ಎದುರಾದರೆ, ಕೊಟ್ಟ ಮಾತಿನಂತೆ ಏನೂ ಕೇಳದೆ, ನಮಸ್ಕಾರ ಮಾಡಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ಅವನು ಯಾವಾಗ ಎಂದು ಕೇಳಿದ್ದರೆ ನಾಳೆ ಎಂದಾದರೂ ಹೇಳಬಹುದಿತ್ತು. ಸಾಹಿತಿಗಳು ಸುತ್ತು ದಾರಿ ಹಿಡಿದು ಆಫೀಸಿಗೆ ಹೋಗತೊಡಗಿದರು. ಊಟ ಸೇರದಾಯಿತು. ಮೇಜಿಲ್ಲದ ದಿನಗಳು ಎಷ್ಟು ಚೆನ್ನಾಗಿದ್ದವು ಎಂದು ನೆನೆದರೆ ಅಳು ಬರುತ್ತಿತ್ತು.

ಹೀಗೆ ಕೂತಿದ್ದ ಒಂದು ಮಧ್ಯಾಹ್ನ ಹೆಂಡತಿ ಒಗೆದ ಬಟ್ಟೆಗಳನ್ನು ಬೀರುವಿನಲ್ಲಿಡಲು ಬಂದಳು. ಬೀರುವಿನ ಬಾಗಿಲು ಮೇಜಿನ ಓರೆ ಮೂಲೆಯ ಪಕ್ಕದಲ್ಲಿ ಸರಾಗವಾಗಿ ತೆರೆಯಿತು. ಅವಳು ಅವರ ಬೆನ್ನ ಹಿಂದೆ ನಿಂತು ಅವರದೇ ಅಂಗಿಗಳನ್ನು ಮಡಿಸತೊಡಗಿದಳು. ಸಾಹಿತಿಗಳು ಗೆರೆ ಎಳೆಯುವುದನ್ನು ನಿಲ್ಲಿಸಿದರು.

"ಆ ಮನುಷ್ಯ ಎಲ್ಲಿಗೆ ಹೊರಟಿದಾನೆ ಅಂತ ನಂಗೆ ಗೊತ್ತಿಲ್ಲ ಕಣೇ."

"ಯಾರು, ಬೆಂಚಿನ ಮೇಲಿನವನಾ?"

"ಹೂಂ. ಯಾವತ್ತೂ ಗೊತ್ತಿರಲಿಲ್ಲ. ನನ್ನ ಹತ್ರ ಬರೆಯೋಕೆ ಏನೂ ಇಲ್ಲ."

ಹೆಂಡತಿ ಅಂಗಿಯ ಕಾಲರ್ ಸರಿಮಾಡಿ ಒಳಗಿಟ್ಟಳು. "ಗೊತ್ತು" ಅಂದಳು.

ಯಾವಾಗಿನಿಂದ ಗೊತ್ತು ಎಂದು ಅವರು ಕೇಳಿದರು. ಮೊದಲಿನಿಂದ ಅನುಮಾನ ಇತ್ತು, ಮೇಸ್ತ್ರಿಗೆ ಅವಸರ ಮಾಡಲು ಹೋದಿರಲ್ಲ, ಆಗ ಖಾತ್ರಿಯಾಯಿತು ಅಂದಳು. ಮದುವೆಯಾದಾಗಿನಿಂದ ಯಾವುದಕ್ಕೂ ಅವಸರ ಮಾಡಿದವರಲ್ಲ ನೀವು. ಸಾಹಿತಿಗಳ ಮುಖ ಹುಳ್ಳಗಾಯಿತು. ಗೊತ್ತಿದ್ದೂ ಯಾಕೆ ಮೇಜು ಮಾಡಿಸಿ ಮುಗಿಸಿದೆ, ನನ್ನನ್ನು ಹೀಗೆ ಸಿಕ್ಕಿಹಾಕಿಸಬೇಕು ಅಂತಲೇ ಎಂದು ಸಿಡುಕಿದರು. ಅವಳು ಬೀರು ಮುಚ್ಚಿ, ಮಂಚದ ಅಂಚಿನಲ್ಲಿ ಕೂತಳು.

"ಮೇಜಿಲ್ಲ ಅನ್ನೋ ಮಾತು ಇನ್ನೊಂದು ಸಲ ಕೇಳೋ ಶಕ್ತಿ ನನಗಿರಲಿಲ್ಲ. ಸಿಲಿಂಡರ್ ಎಳೆದೆ, ಕ್ಯಾನ್ ಹೊತ್ತೆ, ಪುಸ್ತಕ ಬರುತ್ತೆ ಅಂತ ಹೊತ್ತಿದ್ದಲ್ಲ. ಕೇಳಿದ್ರೆ ನಿಮಗೆ ನೋವಾಗುತ್ತಲ್ಲ ಅಂತ. ನಂಗೂ ಸುಸ್ತಾಗುತ್ತೆ ರೀ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಬಟ್ಟೆ ಹಿಂಡಿ ಹಿಂಡಿ ಬಿಳಿಚಿಕೊಂಡಿದ್ದ ಅಂಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅವಳಿಗೂ ಸುಸ್ತಾಗುತ್ತದೆಂಬುದು, ಮನುಷ್ಯರ ಮನಸ್ಸಿನೊಳಗೆ ಇಣುಕಿ ಕಾದಂಬರಿ ಬರೆಯಹೊರಟ ಈ ಮಹಾಶಯರಿಗೆ ಅಂದಿನವರೆಗೆ ಹೊಳೆದಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ, ಏನೋ ಹೊರೆ ಇಳಿಸಿದಂತೆ ಹಸಿವೂ ಆಯಿತು.

"ಮತ್ತೆ ಆ ಮನುಷ್ಯ?" ಹೆಂಡತಿ ಕೇಳಿದಳು.

"ಮನೆಗೆ ಹೋದ."

ಅವಳು ಅಡುಗೆಮನೆಗೆ ಹೋಗಿ, ಹಸಿ ಬಟಾಣಿ ಕಾಯಿಯ ದೊಡ್ಡ ಬುಟ್ಟಿಯನ್ನೂ ಒಂದು ಪಾತ್ರೆಯನ್ನೂ ತಂದು ಮೇಜಿನ ಮೇಲಿಟ್ಟಳು.

ಇನ್ನು ಅವರನ್ನು ಸಾಹಿತಿಗಳು ಅನ್ನಲು ನಮಗೂ ಬಾಯಿ ಬರುವುದಿಲ್ಲ, ಗುಮಾಸ್ತರು ಅನ್ನೋಣ. ಗುಮಾಸ್ತರು ಬಟಾಣಿ ಸುಲಿಯತೊಡಗಿದರು. ಮೊದಮೊದಲು ಕಾಳು ಹಾರಿ ಮಂಚದ ಕೆಳಗೆ ಹೋದವು. ಆಮೇಲೆ ಕೈ ಪಳಗಿತು. ಮೇಜು ಇದಕ್ಕೆಂದೇ ಮಾಡಿಸಿದಂತಿತ್ತು, ಎಡ ಮೊಣಕೈ ತಗ್ಗಿನಲ್ಲಿ ಊರಿದರೆ ಎಷ್ಟು ಹೊತ್ತು ಬೇಕಾದರೂ ಸುಲಿಯಬಹುದು. ತಾಯಿ ಇಣುಕಿ ನೋಡಿ ಗಾಬರಿಯಾದರು. ಬರೆಯೋ ಕೈಲಿ ಇಂಥ ಕೆಲಸ ಮಾಡಿಸ್ತೀಯಲ್ಲೇ ಎಂದು ಸೊಸೆಯನ್ನು ತರಾಟೆಗೆ ತೆಗೆದುಕೊಂಡರು.

"ಅವಸರ ಏನಿಲ್ಲ ಅತ್ತೆ" ಎಂದಳು ಸೊಸೆ. "ನಿಧಾನವಾಗಿ ಸುಲೀತಾರೆ."

ತಾಯಿಗೆ ಮಾತ್ರ ನಂಬಿಕೆ ಕದಲಲಿಲ್ಲ. ಕೈ ಬಟಾಣಿ ಸುಲಿಯುತ್ತಿದ್ದರೂ ತಲೆಯೊಳಗೆ ಏನೋ ನಡೀತಿರುತ್ತೆ ಎಂದು ಪಕ್ಕದ ಮನೆಯವರಿಗೆ ವಿವರಿಸಿ ಬಂದರು. ಮುಂದಿನ ವಾರ ಗುಮಾಸ್ತರು ಸಿಲಿಂಡರ್ ಉರುಳಿಸಿದರು. ಅದು ಎಷ್ಟು ಭಾರವಿರುತ್ತದೆಂದು ಕಚೇರಿಯಲ್ಲಿ ಸಿಕ್ಕವರಿಗೆಲ್ಲ ಆಶ್ಚರ್ಯದಿಂದ ಹೇಳಿದರು. ಸಂಸಾರಸ್ಥರೆಲ್ಲ ಅವರನ್ನು ಬೆಪ್ಪು ಹಿಡಿದವರಂತೆ ನೋಡಿದರು.

ಕೆಲವು ದಿನಗಳಾದ ಮೇಲೆ ಮೇಸ್ತ್ರಿ ಕೀಲಿಗೆ ಎಣ್ಣೆ ಹಾಕಿಹೋಗಲು ಬಂದ. ಗುಮಾಸ್ತರು ಮೇಜಿನ ಮುಂದೆ ಕೂತಿದ್ದರು. ಮೇಜಿನ ತುಂಬ ಹಸಿರು ಸಿಪ್ಪೆ. ಅವನು ನೋಡಿಯೂ ಏನೂ ಕೇಳದೆ ಎಣ್ಣೆಯ ಬಾಟಲಿ ತೆಗೆದ. ಕೇಳಿದ್ದರೆ ಗುಮಾಸ್ತರು ಏನಾದರೊಂದು ಹೇಳಿ ಜಾರಿಕೊಳ್ಳುತ್ತಿದ್ದರೋ ಏನೋ. ಕೇಳದಿದ್ದುದರಿಂದ ತಾವೇ ಹೇಳಬೇಕಾಯಿತು.

"ಮೇಸ್ತ್ರಿ, ನಾನು ಸಾಹಿತಿ ಅಲ್ಲ. ನಂಗೆ ಬರೆಯೋಕೆ ಬರಲ್ಲ. ಅವಸರ ಇಲ್ಲ ಅಂದಿದ್ದು ಮೇಜು ಆಗೋದೇ ಬೇಡ ಅಂತ."

ಮೇಸ್ತ್ರಿ ಎಣ್ಣೆಯ ಬಾಟಲಿ ಕೆಳಗಿಟ್ಟ. ಅವನ ಬಾಳಿನಲ್ಲಿ ಒಬ್ಬನೇ ಒಬ್ಬ ಒಳ್ಳೆಯ ಗಿರಾಕಿ ಸಿಕ್ಕಿದ್ದ, ಅವನೂ ಹೀಗೆ ಎಂದಾಯಿತು. ಆಮೇಲೆ ಬಗ್ಗಿ, ಸಿಪ್ಪೆ ಸರಿಸಿ, ಎಡ ಅಂಚಿನ ತಗ್ಗನ್ನು ಹೆಬ್ಬೆರಳಿನಿಂದ ಸವರಿದ.

"ಮೊಣಕೈ ಆರಾಮಾಗಿದೆಯಾ?"

"ಆರಾಮಾಗಿದೆ."

"ಸರಿ ಮತ್ತೆ" ಎಂದು ಮೇಸ್ತ್ರಿ ಮಂಚದ ಅಂಚಿನಲ್ಲಿ ಕೂತು, ಒಂದು ಹಿಡಿ ಬಟಾಣಿ ಕಾಯಿ ತೆಗೆದುಕೊಂಡು ತಾನೂ ಸುಲಿಯತೊಡಗಿದ. ಇಬ್ಬರೂ ಸುಲಿಯುತ್ತಿದ್ದಾಗ ಕೆಳಗೆ ಬೀದಿಯಿಂದ ಟೀಚರಮ್ಮನ ದನಿ ಕೇಳಿಸಿತು. ಮೇಸ್ತ್ರಿ ಇಲ್ಲಿಗೆ ಬಂದನೇ, ನಮ್ಮ ಬಾಗಿಲು ಏನಾಯಿತು ಎಂದು ಕಿಟಕಿಯ ಕಡೆ ಮುಖ ಎತ್ತಿ ಕೇಳುತ್ತಿದ್ದರು. ಮೇಸ್ತ್ರಿಯ ಕೈ ನಿಂತಿತು. ನಾನಿಲ್ಲ ಅನ್ನಿ ಸಾರ್ ಎಂದು ಪಿಸುಗುಟ್ಟಿದ. ಗುಮಾಸ್ತರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಪರಿಶೀಲನೆಯಲ್ಲಿದೆ ಎಂಬ ಮಾತು ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತ್ತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತು ನೋಡುತ್ತಿದ್ದಳು.

"ಇಲ್ಲೇ ಇದಾರೆ ಟೀಚರಮ್ಮ" ಅಂದರು ಗುಮಾಸ್ತರು. "ಬಟಾಣಿ ಸುಲೀತಿದಾರೆ. ಮೇಲೆ ಬನ್ನಿ, ಆದ್ರೆ ಯಾವಾಗ ಅಂತ ಮಾತ್ರ ಕೇಳಬೇಡಿ."

ಟೀಚರಮ್ಮ ಮೆಟ್ಟಿಲು ಹತ್ತುವ ಸದ್ದಾಯಿತು. ಹೆಂಡತಿ ಬುಟ್ಟಿಯನ್ನು ಮೇಜಿನ ನಡುವಿಗೆ ಸರಿಸಿ, ಕೂರಲು ಇನ್ನೊಂದು ಸ್ಟೂಲು ತಂದಿಟ್ಟಳು.